ರಾಜಕಾರಣಿಗಳಿಗೆ ಗಣಿತವೆಷ್ಟು ಬೇಕು?

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು, ಗಣಿತದ ಉಪಯೋಗವುಳ್ಳ ವಿದ್ಯೆಗಳನ್ನು ಎಣಿಸುವಾಗ ಅರ್ಥಶಾಸ್ತ್ರವನ್ನೂ ಹೆಸರಿಸಿದ್ದಾನೆ. ಅರ್ಥಶಾಸ್ತ್ರವು ಇಂದು ಬಹುಮಟ್ಟಿಗೆ ಸಮೀಕರಣಗಳ ಭಾಷೆಯಲ್ಲಿಯೇ ಮಾತನಾಡುತ್ತಿದೆ. ಆ ಭಾಷೆಯನ್ನರಿಯದ ರಾಜಕಾರಣಿಗಳು ದೇಶದ ಆರ್ಥಿಕ ನೀತಿಯನ್ನು ಹೇಗೆ ನಿರ್ಣಯಿಸಬಲ್ಲರು? ಭಾರತದ ಎರಡನೆಯ ಪಂಚವಾರ್ಷಿಕ ಯೋಜನೆಯ (1956–61) ಇತಿಹಾಸವು ಈ ಪ್ರಶ್ನೆಗೆ ಬೆಳಕು ನೀಡುತ್ತದೆ.

1955ರಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸರು ಆ ಯೋಜನೆಗಾಗಿ ಒಂದು ಗಣಿತ ಮಾದರಿಯನ್ನು ರೂಪಿಸಿದರು. ಮೂಲ ಯಂತ್ರೋದ್ಯಮ, ಕಾರ್ಖಾನೆಯ ಬಳಕೆಯ ವಸ್ತುಗಳು, ಗೃಹಕೈಗಾರಿಕೆ ಮತ್ತು ಬೇಸಾಯ, ಸೇವೆಗಳು ಎಂದು ನಾಲ್ಕು ವಿಭಾಗಗಳು. ತೊಡಗಿಸಬೇಕಾದ ಬಂಡವಾಳ 5,600 ಕೋಟಿ ರೂಪಾಯಿ. ರಾಷ್ಟ್ರೀಯ ಆದಾಯ ವರ್ಷಕ್ಕೆ ಶೇಕಡಾ 5ರಂತೆ ಹೆಚ್ಚಬೇಕು. 1 ಕೋಟಿ 10 ಲಕ್ಷ ಜನರಿಗೆ ಹೊಸ ಉದ್ಯೋಗ ದೊರೆಯಬೇಕು. ಈ ಮೂರು ನಿಬಂಧನೆಗಳಿಂದ ಮೂರು ಸಮೀಕರಣಗಳು ಹುಟ್ಟುತ್ತವೆ. ಆದರೆ ಕಂಡುಹಿಡಿಯಬೇಕಾದ ಪಾಲುಗಳು ನಾಲ್ಕು. ಇಂತಹ ಲೆಕ್ಕಕ್ಕೆ ಒಂದೇ ನಿಶ್ಚಿತ ಉತ್ತರವಿಲ್ಲವೆಂಬುದನ್ನು ಪ್ರೌಢಶಾಲೆಯ ಬೀಜಗಣಿತ ಬಲ್ಲವರೂ ಹೇಳಬಲ್ಲರು. ಆದುದರಿಂದಲೇ ಮಹಾಲನೋಬಿಸರು ಮೂಲ ಯಂತ್ರೋದ್ಯಮದ ಪಾಲನ್ನು ಮೂರರಲ್ಲೊಂದು ಎಂದು ಮೊದಲೇ ಗೊತ್ತುಪಡಿಸಿ, ಉಳಿದ ಮೂರನ್ನು ಬಿಡಿಸಿದರು.

ಈ ಮೂರರಲ್ಲೊಂದು ಪಾಲು ಸಮೀಕರಣಗಳಿಂದ ಬಂದುದಲ್ಲ. ಇಂದಿನ ಪೀಳಿಗೆಯ ಅನ್ನಬಟ್ಟೆಯಲ್ಲಿ ಎಷ್ಟನ್ನು ಹಿಡಿದಿಟ್ಟು ನಾಳಿನ ಪೀಳಿಗೆಯ ಉತ್ಪಾದನಾಶಕ್ತಿಯನ್ನು ಬೆಳೆಸಬೇಕೆಂಬ ನಿರ್ಧಾರವದು. ಅಂತಹ ನಿರ್ಧಾರವನ್ನು ಚರ್ಚಿಸುವ ಅಧಿಕಾರವೂ ಹೊಣೆಯೂ ಜನಪ್ರತಿನಿಧಿಗಳದು. ಲೆಕ್ಕದ ರೀತಿಯನ್ನರಿಯದವರು ಅದನ್ನು ಗಣಿತದ ತೀರ್ಪೆಂದೇ ಭ್ರಮಿಸಿ, ತಮ್ಮ ಹೊಣೆಯನ್ನು ತಮಗರಿವಿಲ್ಲದೆಯೇ ತಜ್ಞರ ಕೈಗೊಪ್ಪಿಸುತ್ತಾರೆ.

ಎರಡನೆಯ ಪಾಠವೂ ಇದೆ. ಆ ಸಮೀಕರಣಗಳಲ್ಲಿ ವಿದೇಶ ವ್ಯಾಪಾರಕ್ಕೆ ಸ್ಥಾನವಿರಲಿಲ್ಲ. ಆದರೆ ಯಂತ್ರಗಳನ್ನು ನಿರ್ಮಿಸುವ ಯಂತ್ರಗಳು ಹೊರದೇಶಗಳಿಂದಲೇ ಬರಬೇಕಾಗಿದ್ದವು. 1957ರ ಹೊತ್ತಿಗೆ ದೇಶವು ವಿದೇಶೀ ವಿನಿಮಯದ ಬಿಕ್ಕಟ್ಟಿಗೆ ಸಿಲುಕಿತು. ಲೆಕ್ಕ ತಪ್ಪಿರಲಿಲ್ಲ, ಲೆಕ್ಕದಿಂದ ಹೊರಗುಳಿದುದು ಕಾಡಿತು. ಕೇಂಬ್ರಿಜ್ಜಿನಲ್ಲಿ ನಿಸರ್ಗವಿಜ್ಞಾನವನ್ನು ಅಭ್ಯಸಿಸಿದ್ದ ನೆಹರೂ ಅವರೇ ಪ್ರಧಾನಿಯಾಗಿದ್ದರೂ ಇದು ತಪ್ಪಲಿಲ್ಲ.

ಅಂದಿನ ದಕ್ಷಿಣ ಕನ್ನಡ ಜಿಲ್ಲೆಯವರಾದ ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈ ಅವರು 1955ರಲ್ಲಿ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಏಕಾಕಿಯಾಗಿ ಭಿನ್ನಮತವನ್ನು ದಾಖಲಿಸಿದರು. ಯೋಜನೆಯ ಅಂತಿಮ ರೂಪದಲ್ಲಿ ಸರಕಾರದ ವೆಚ್ಚ 4,800 ಕೋಟಿ. ಅದರಲ್ಲಿ 1,200 ಕೋಟಿ, ಎಂದರೆ ಕಾಲುಭಾಗ, ಕೊರತೆಯ ಹಣಕಾಸಿನಿಂದ ಬರತಕ್ಕದ್ದು. ಜನರ ನೈಜ ಉಳಿತಾಯವನ್ನು ಮೀರಿ ಬಂಡವಾಳ ಹೂಡಲು ಹೊರಟರೆ ಬೆಲೆಗಳೇರುವುವೆಂಬುದು ಶೆಣೈ ಅವರ ವಾದದ ತಿರುಳು. ಅವರ ನಿಲುವನ್ನೆಲ್ಲ ಒಪ್ಪಬೇಕಾಗಿಲ್ಲ. ಆದರೆ ಆ ವಾದವನ್ನು ತೂಗಿನೋಡಲು ಕೂಡುಕಳೆಯ ಲೆಕ್ಕಕ್ಕಿಂತ ಹೆಚ್ಚಿನ ಗಣಿತ ಬೇಕಿರಲಿಲ್ಲ.

ಹೀಗಿರುವಾಗ ರಾಜಕಾರಣಿಗಳು ಉಚ್ಚಗಣಿತದಲ್ಲಿ ಪಂಡಿತರಾಗಬೇಕಿಲ್ಲ. ತ್ರೈರಾಶಿ, ಶೇಕಡಾವಾರು, ಚಕ್ರಬಡ್ಡಿಗಳ ದೃಢಜ್ಞಾನ ಮಾತ್ರ ಅನಿವಾರ್ಯ. ವರ್ಷಕ್ಕೆ ಶೇಕಡಾ 5ರಂತೆ ಬೆಳೆಯುವ ಆದಾಯ ಸುಮಾರು 14 ವರ್ಷಗಳಲ್ಲಿ ಇಮ್ಮಡಿಸುತ್ತದೆ. ಜನಸಂಖ್ಯೆಯೂ ಶೇಕಡಾ 2ರಂತೆ ಬೆಳೆದರೆ ತಲಾ ಆದಾಯ ಇಮ್ಮಡಿಸಲು ಸುಮಾರು 24 ವರ್ಷಗಳು ಬೇಕು. ಈ 10 ವರ್ಷಗಳ ಅಂತರವನ್ನರಿಯದೆ ಮತದಾರರಿಗೆ ನೀಡುವ ಭರವಸೆ, ಪ್ರಾಮಾಣಿಕವಾಗಿದ್ದರೂ, ಸುಳ್ಳಾಗುತ್ತದೆ. ಸಮೀಕರಣವನ್ನು ಬಿಡಿಸುವುದು ತಜ್ಞರ ಕೆಲಸ. ಅದರಲ್ಲಿ ಯಾವುದನ್ನು ಮೊದಲೇ ಗೊತ್ತುಪಡಿಸಿದೆ, ಯಾವುದನ್ನು ಬಿಟ್ಟಿದೆ ಎಂದು ಕೇಳುವುದು ಜನಪ್ರತಿನಿಧಿಗಳ ಕರ್ತವ್ಯ.