ಈರುಳ್ಳಿ ಬೇಯುವ ಹೊತ್ತು, ಮೂರು ಸುತ್ತಿನ ಬುನಾ

ಇಥಿಯೋಪಿಯಾದ ಅಡಿಸ್ ಅಬಾಬದ ಮನೆಯೊಂದರಲ್ಲಿ ದೊರೊ ವೊಟ್ ಎಂಬ ಕೋಳಿ ಸಾರು ಕಲಿಯಲು ಹೋದವರ ಮುಂದೆ ಮೊದಲು ಬಂದು ಬೀಳುವುದು ಈರುಳ್ಳಿ ರಾಶಿ. ಕೋಳಿಯ ಮಾತು ಆಮೇಲೆ. ಕೆಂಪು ಈರುಳ್ಳಿಯನ್ನು ಸಣ್ಣಗೆ, ಇನ್ನೂ ಸಣ್ಣಗೆ ಹೆಚ್ಚಬೇಕು. ಪಾತ್ರೆಗೆ ಹಾಕಿ, ಎಣ್ಣೆ ತುಪ್ಪ ಏನನ್ನೂ ಸೋಕಿಸದೆ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕೂರಬೇಕು. ಈರುಳ್ಳಿ ತನ್ನದೇ ನೀರಿನಲ್ಲಿ ಬೆಂದು, ಆ ನೀರೂ ಇಂಗಿ, ಕರಗಿ ಮುದ್ದೆಯಾದ ಮೇಲೆಯೇ ಅದಕ್ಕೆ ಜಿಡ್ಡು ಬೀಳುವುದು. ಹಿಂದೆಯೇ ಬೆರ್ಬೆರೆ ಎಂಬ ಕೆಂಪು ಮಸಾಲೆ. ತಳ ಹತ್ತುತ್ತಿದೆ ಅನ್ನಿಸಿದಾಗೆಲ್ಲ ಒಂದಿಷ್ಟು ನೀರು ಚಿಮುಕಿಸಿ ಮತ್ತೆ ಕೈಯಾಡಿಸುವುದು. ಕುಲೆತ್ ಎಂದು ಕರೆಯುವ ಈ ಕೆಂಪು ಗೊಜ್ಜು ಹದಕ್ಕೆ ಬರಲು ಗಂಟೆ ಮೀರುತ್ತದೆ. ನಿಂಬೆಹಣ್ಣು, ಉಪ್ಪು ಹಾಕಿ ಮತ್ತೆ ಮತ್ತೆ ತೊಳೆದು, ಚರ್ಮ ಸುಲಿದು, ವಾಡಿಕೆಯಂತೆ 12 ತುಂಡು ಮಾಡಿಟ್ಟ ಕೋಳಿ ಪಾತ್ರೆಗೆ ಇಳಿಯುವುದು ಅದಾದ ಮೇಲೆ. ಬೇಯಿಸಿದ ಮೊಟ್ಟೆಗಳು ಕಟ್ಟಕಡೆಗೆ.

ಅವಸರ ಮಾಡಿದರೆ ಈರುಳ್ಳಿ ಬಾಯಿಗೆ ಸಿಗುತ್ತದೆ, ಬೆರ್ಬೆರೆ ಹಸಿ ಹಸಿ ನಾತ ಹೊಡೆಯುತ್ತದೆ. ಅಲ್ಲದೆ ಆ ಊರು ಸಮುದ್ರಮಟ್ಟದಿಂದ ಸುಮಾರು 2,350 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ನೀರು 92 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಬೇಳೆಕಾಳು ಬೇಯಲು ನಮ್ಮ ಬಯಲುಸೀಮೆಗಿಂತ ಹೆಚ್ಚು ಹೊತ್ತು ಬೇಕು.

ಪ್ರವಾಸಿಗರಿಗಾಗಿ ಅರ್ಧ ದಿನದ ಅಡುಗೆ ತರಗತಿಗಳು ಅಡಿಸ್ ಅಬಾಬದಲ್ಲಿ ಈಗ ಸುಲಭವಾಗಿ ಸಿಗುತ್ತವೆ. ಅವುಗಳಲ್ಲಿ ಕಲಿಯಲು ಸಿಗುವುದು ಅಡುಗೆಯ ಕೊನೆಯ ಘಟ್ಟ ಮಾತ್ರ. ಅಸಲು ಕೆಲಸ ಎಷ್ಟೋ ವಾರಗಳ ಹಿಂದೆಯೇ ಮುಗಿದು ಡಬ್ಬಿಗಳಲ್ಲಿ, ಮಡಕೆಗಳಲ್ಲಿ ಕೂತಿರುತ್ತದೆ. ಬೆರ್ಬೆರೆಯನ್ನೇ ನೋಡಿ. ಬಿಸಿಲಿಗೆ ಒಣಗಿಸಿದ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಕುಟ್ಟಿ, ಬೆಳ್ಳುಳ್ಳಿ, ಶುಂಠಿ, ತುಳಸಿಯ ಕುಲದ ಬೆಸೊಬೆಲಾ ಮುಂತಾದವುಗಳ ಜೊತೆ ತೇವವಾಗಿ ಕಲಸಿ ಕೆಲವು ದಿನ ಹಾಗೇ ಬಿಡುತ್ತಾರೆ. ಮತ್ತೆ ಬಿಸಿಲಿಗೆ ಹರವುತ್ತಾರೆ. ಆಮೇಲೆ ಹುರಿದ ಕೊತ್ತಂಬರಿ, ಮೆಂತ್ಯ, ಓಂಕಾಳು, ಕರಿಜೀರಿಗೆ ಮತ್ತು ಇಥಿಯೋಪಿಯಾದ ಕಾಡಿನ ಏಲಕ್ಕಿಯಾದ ಕೊರಾರಿಮಾ ಸೇರಿಸಿ ಗಿರಣಿಗೆ ಕೊಂಡೊಯ್ಯುತ್ತಾರೆ. ಪ್ರತಿ ಮನೆಯದೂ ಬೇರೆ ಅಳತೆ, ಬೇರೆ ಬಣ್ಣ. ನಿತೆರ್ ಕಿಬೆ ಎಂಬ ತುಪ್ಪವೂ ಹೀಗೆಯೇ: ಬೆಣ್ಣೆ ಕಾಯಿಸುವಾಗಲೇ ಕೊರಾರಿಮಾ, ಮೆಂತ್ಯ, ಕೊಸೆರೆಟ್ ಎಂಬ ಘಮಘಮಿಸುವ ಎಲೆ ಹಾಕಿ ಸೋಸಿಡುವುದು. ಶಿರೊ ಎಂದರೆ ಹುರಿದ ಕಡಲೆ ಅಥವಾ ಬಟಾಣಿಯನ್ನು ಮಸಾಲೆಯೊಂದಿಗೆ ಬೀಸಿಟ್ಟ ಹಿಟ್ಟು. ಇವೆಲ್ಲ ಮನೆಯಲ್ಲಿದ್ದರೆ ಬಡವರ ಮನೆಯಲ್ಲೂ ಸ್ವಲ್ಪ ಹೊತ್ತಿನಲ್ಲಿ ಊಟ ತಯಾರು. ಹಾಗಾಗಿ ನಿಜಕ್ಕೂ ಕಲಿಯಬೇಕೆನ್ನುವವರು ಒಲೆಯ ಮುಂದೆ ಕೂರುವ ಮೊದಲು ಮೆಣಸಿನಕಾಯಿ ಹರವಿದ ಅಂಗಳದಲ್ಲಿ ಕೂರಬೇಕು.

ಈ ಸಾರುಗಳನ್ನು ಸುತ್ತಿ ತಿನ್ನುವ, ದೋಸೆಯಂಥ ಇಂಜೆರಾದ್ದು ಇನ್ನೂ ದೊಡ್ಡ ಕತೆ. ಟೆಫ್ ಎಂಬ ಧಾನ್ಯದ ಕಾಳು ಒಂದು ಮಿಲಿಮೀಟರ್ ಅಗಲವೂ ಇಲ್ಲ. ಬೆರಳ ಸಂದಿಯಿಂದ ಸೋರಿಹೋದರೆ ಮತ್ತೆ ಹುಡುಕುವುದು ಕಷ್ಟ. ಅದರ ಹಿಟ್ಟಿಗೆ ನೀರು ಹಾಕಿ, ಹಿಂದಿನ ಸಲದ ಹಿಟ್ಟಿನ ಮೇಲೆ ತೇಲಿದ ಹಳದಿ ನೀರನ್ನು ಹೆಪ್ಪಿನಂತೆ ಬೆರೆಸುತ್ತಾರೆ. ಆ ನೀರಿನ ಹೆಸರು ಎರ್ಶೊ. ಎರಡು ಮೂರು ದಿನ ಹುದುಗಿದ ಮೇಲೆ, ಅದರಿಂದ ಸ್ವಲ್ಪ ಹಿಟ್ಟು ತೆಗೆದು ನೀರಿನಲ್ಲಿ ಕುದಿಸಿ ಗಂಜಿ ಮಾಡಿ, ಆರಿಸಿ, ಮತ್ತೆ ಅದೇ ಹಿಟ್ಟಿಗೆ ಸೇರಿಸುತ್ತಾರೆ. ಅಬ್ಸಿಟ್ ಎಂಬ ಈ ಗಂಜಿಯನ್ನು ಸೇರಿಸಿದ ಮೇಲೆ ಹಿಟ್ಟು ಮತ್ತೊಮ್ಮೆ ಉಬ್ಬಿ ಗುಳ್ಳೆಯೇಳುತ್ತದೆ. ಟೆಫ್‌ನಲ್ಲಿ ಗೋಧಿಯ ಅಂಟು ಇಲ್ಲ. ಆದರೂ ಹರಿಯದೆ ಬಾಗುವ, ಮೆತ್ತಗಿನ ಇಂಜೆರಾ ಬರುವುದರಲ್ಲಿ ಈ ಗಂಜಿಯ ಪಾಲು ದೊಡ್ಡದು.

ದೋಸೆ ಹುಯ್ದು ಪಳಗಿದ ಕೈ ಇಲ್ಲಿ ತಡವರಿಸುತ್ತದೆ. ದೋಸೆಯನ್ನು ಕಾವಲಿಯ ನಡುವೆ ಸುರಿದು ಸೌಟಿನಿಂದ ಹೊರಗೆ ಹರಡುತ್ತೇವೆ. ಇಂಜೆರಾವನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ಒಳಗೆ ಬರಬೇಕು, ಸೌಟು ತಾಕಿಸುವಂತಿಲ್ಲ. ಮಿತಾದ್ ಎಂಬ ಮಣ್ಣಿನ ಹೆಂಚು ಅರ್ಧ ಮೀಟರ್‌ಗೂ ಅಗಲ. ಅದಕ್ಕೆ ಎಣ್ಣೆ ಸವರುವುದಿಲ್ಲ, ಸಾಸಿವೆ ಜಾತಿಯ ಕಾಳಿನ ಪುಡಿ ಉದುರಿಸಿ ಬಟ್ಟೆಯಿಂದ ಉಜ್ಜುತ್ತಾರೆ. ಹಿಟ್ಟು ಬಿದ್ದ ಅರೆ ನಿಮಿಷದೊಳಗೆ ಮೈತುಂಬ ತೂತುಗಳು ತೆರೆದುಕೊಳ್ಳುತ್ತವೆ. ಅವಕ್ಕೆ ಕಣ್ಣು ಎನ್ನುತ್ತಾರೆ. ಕಣ್ಣು ಒಂದೇ ಸಮ, ಒತ್ತೊತ್ತಾಗಿ ಬಿಟ್ಟರೆ ಮಾಡಿದಾಕೆಗೆ ಹೊಗಳಿಕೆ. ಮುಚ್ಚಳ ಮುಚ್ಚಿ ಆವಿಯಲ್ಲಿ ಬೇಯಿಸುತ್ತಾರೆ, ಮಗುಚುವುದಿಲ್ಲ. ಹುಲ್ಲಿನಿಂದ ಹೆಣೆದ ಚಪ್ಪಟೆ ತಟ್ಟೆಯನ್ನು ಅಡಿಗೆ ತೂರಿಸಿ ಒಂದೇ ಸಲಕ್ಕೆ ಎಳೆದುಕೊಳ್ಳುವುದು ನೋಡಲು ಚೆಂದ, ಕಲಿಯಲು ತ್ರಾಸ. ನಗರಗಳಲ್ಲಿ ವಿದ್ಯುತ್ ಮಿತಾದ್ ಬಂದು ಹೊಗೆಯ ಕಾಟ ತಪ್ಪಿಸಿದೆ. ಅಂಗಡಿಯ ಇಂಜೆರಾ ಕೊಳ್ಳುವ ಮನೆಗಳೂ ಬಹಳ. ಆದರೆ ಹೊಗೆಯೊಲೆಯ ಮುಂದೆ ಕೂರುವ ಹಳ್ಳಿಯ ಹೆಂಗಸರಿಗೆ ಆ ಸುಖ ಇನ್ನೂ ದೂರ ಎಂಬುದನ್ನು ಕಲಿಯಲು ಬಂದವರು ಮರೆಯಬಾರದು.

ಟೆಫ್ ದುಬಾರಿ. ಅದಕ್ಕೆ ಜೋಳ, ಬಾರ್ಲಿ ಬೆರೆಸುವುದುಂಟು. ದಾಗುಸಾ ಬೆರೆಸುವುದೂ ಉಂಟು. ದಾಗುಸಾ ಎಂದರೆ ನಮ್ಮ ರಾಗಿಯೇ. ರಾಗಿಯನ್ನು ಮೊದಲು ಪಳಗಿಸಿದ್ದು ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ. ಭಾರತದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವುದು ಕರ್ನಾಟಕವಾದರೂ ಆ ಕಾಳಿನ ತವರು ಆ ಕಡೆಯದು. ಹುಚ್ಚೆಳ್ಳಿನ ಕತೆಯೂ ಇದೇ. ಚಟ್ನಿಪುಡಿಗೆ ನಾವು ಹುರಿಯುವ ಆ ಕಪ್ಪು ಕಾಳಿನ ಮೂಲ ಇಥಿಯೋಪಿಯಾ. ಅಲ್ಲಿ ಅದು ನೂಗ್. ಅದರ ಎಣ್ಣೆಯಿಲ್ಲದೆ ಎಷ್ಟೋ ಮನೆಗಳ ವ್ರತದ ಅಡುಗೆ ಸಾಗದು.

ಈ ವ್ರತದ ಲೆಕ್ಕ ತಿಳಿದಿದ್ದರೆ ಸಸ್ಯಾಹಾರಿ ಪ್ರವಾಸಿಗೆ ಇಥಿಯೋಪಿಯಾದಷ್ಟು ಒಳ್ಳೆಯ ದೇಶ ಇನ್ನೊಂದು ಸಿಗುವುದು ಕಷ್ಟ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮುಂಚಿನ 55 ದಿನ ಮಾಂಸ, ಮೊಟ್ಟೆ, ಹಾಲು, ತುಪ್ಪ ಮುಟ್ಟುವುದಿಲ್ಲ. ಇನ್ನುಳಿದ ವ್ರತಗಳೂ ಸೇರಿದರೆ ಸಾಮಾನ್ಯ ಭಕ್ತರಿಗೆ ವರ್ಷದಲ್ಲಿ ಸುಮಾರು 180 ದಿನ, ಕಟ್ಟುನಿಟ್ಟಿನವರಿಗೆ ಸುಮಾರು 250 ದಿನ ಇಂಥ ಊಟ. ಕೆಂಪು ಮಸೂರ ಬೇಳೆಯ ಖಾರದ ಮಿಸಿರ್ ವೊಟ್, ಅರಿಸಿನ ಹಾಕಿದ ಸಪ್ಪೆ ಬಟಾಣಿ ಬೇಳೆ, ಬೆಳ್ಳುಳ್ಳಿಯಲ್ಲಿ ಬಾಡಿಸಿದ ಗೊಮೆನ್ ಸೊಪ್ಪು, ಎಲೆಕೋಸು ಕ್ಯಾರೆಟ್ಟಿನ ಪಲ್ಯ, ಬೀಟ್‌ರೂಟ್, ಶಿರೊ, ಎಲ್ಲವನ್ನೂ ಒಂದೇ ಇಂಜೆರಾದ ಮೇಲೆ ಬಣ್ಣ ಬಣ್ಣದ ಗುಡ್ಡೆಗಳಾಗಿ ಬಡಿಸುವ ತಟ್ಟೆಗೆ ಬೆಯಾಯ್ನೆತು ಎನ್ನುತ್ತಾರೆ. ಎಚ್ಚರವೂ ಬೇಕು: ವ್ರತವಿಲ್ಲದ ದಿನ ಬೇಳೆಗೂ ನಿತೆರ್ ಕಿಬೆ ಬೀಳಬಹುದು, ಬೊಜೆನಾ ಶಿರೊದಲ್ಲಿ ಮಾಂಸವಿರುತ್ತದೆ. ಈಸ್ಟರ್ ಮುಗಿದ 50 ದಿನ ಬುಧವಾರ, ಶುಕ್ರವಾರದ ವ್ರತವೂ ಇರುವುದಿಲ್ಲ. ‘ತ್ಸೋಮ್’, ಅಂದರೆ ವ್ರತದ್ದು ಕೊಡಿ, ಎಂದು ಕೇಳುವುದೇ ಕ್ಷೇಮ. ಅದೇ 55 ದಿನದ ವ್ರತ ಮುರಿಯುವ ಊಟದಲ್ಲಿ ದೊರೊ ವೊಟ್‌ಗೆ ಅಗ್ರಸ್ಥಾನ. ಅಷ್ಟು ದಿನ ಕಾದವರಿಗೆ ಗಂಟೆಗಟ್ಟಲೆ ಈರುಳ್ಳಿ ಬೇಯಿಸುವುದು ಹೊರೆಯಾಗಿ ಕಾಣುವುದಿಲ್ಲ.

ದಕ್ಷಿಣಕ್ಕೆ ಹೋದರೆ ಟೆಫ್‌ನ ಜಾಗಕ್ಕೆ ಎನ್‌ಸೆಟ್ ಬರುತ್ತದೆ. ಇದು ಬಾಳೆಯ ದಾಯಾದಿ, ನಮ್ಮ ಪಶ್ಚಿಮಘಟ್ಟದ ಕಲ್ಲುಬಾಳೆಯ ಕುಲದ ಗಿಡ. ಹಣ್ಣು ತಿನ್ನುವುದಿಲ್ಲ, ದಿಂಡು, ಗಡ್ಡೆಗಳನ್ನು ಹೆರೆದು, ಎಲೆಯಲ್ಲಿ ಸುತ್ತಿ, ಗುಂಡಿಯಲ್ಲಿ ಹೂತು ತಿಂಗಳುಗಟ್ಟಲೆ ಹುದುಗಿಸಿ ಕೊಚೊ ಎಂಬ ರೊಟ್ಟಿ ಸುಡುತ್ತಾರೆ. ಸುಮಾರು 2 ಕೋಟಿ ಜನರ ಹೊಟ್ಟೆ ಈ ಗಿಡವನ್ನು ನೆಚ್ಚಿದೆ. ಅರ್ಬಾ ಮಿಂಚ್ ಬಳಿಯ ದೊರ್ಜೆ ಹಳ್ಳಿಗಳಲ್ಲಿ ಬಂದವರ ಕೈಗೂ ಹೆರೆಯುವ ಕೆಲಸ ಕೊಡುತ್ತಾರೆ. ಬಿಸಿ ಕೊಚೊಗೆ ಜೇನು, ಪಕ್ಕದಲ್ಲಿ ಹಸಿಮೆಣಸಿನ ಖಾರ.

ಊಟಕ್ಕೆ ಕೂರುವ ಕ್ರಮ ಎಲ್ಲ ಕಡೆ ಒಂದೇ. ಮನೆಯವರಲ್ಲಿ ಯಾರಾದರೂ ಬಂದು ಕೈಗೆ ನೀರು ಹುಯ್ಯುತ್ತಾರೆ. ತಟ್ಟೆ ಒಂದೇ, ಸುತ್ತ ನಾಲ್ಕೈದು ಜನ. ಬಲಗೈಯಿಂದ ತಮ್ಮ ಮುಂದಿನ ಇಂಜೆರಾ ಹರಿದು, ವೊಟ್ ಸುತ್ತಿ ತಿನ್ನಬೇಕು. ನಡುವೆ ಮನೆಯೊಡತಿ ದೊಡ್ಡ ತುತ್ತೊಂದನ್ನು ಕಟ್ಟಿ ಅತಿಥಿಯ ಬಾಯಿಗೇ ಇಡುತ್ತಾಳೆ. ಇದು ಗುರ್ಶಾ. ಬೇಡ ಎನ್ನುವಂತಿಲ್ಲ, ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದು.

ಊಟವಾದ ಮೇಲೆ ಬುನಾ, ಎಂದರೆ ಕಾಫಿ. ಅರೇಬಿಕಾ ಕಾಫಿಯ ಹುಟ್ಟುನೆಲ ಇಥಿಯೋಪಿಯಾದ ನೈಋತ್ಯದ ಕಾಡುಗಳು. ಕಾಫಾ ಸೀಮೆಯ ಬೊಂಗಾದ ಸುತ್ತ ಅದು ಇವತ್ತಿಗೂ ಮರಗಳ ನೆರಳಲ್ಲಿ ತಾನಾಗಿ ಬೆಳೆಯುತ್ತದೆ. 2010ರಲ್ಲಿ ಯುನೆಸ್ಕೊ ಆ ಕಾಡನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. ಅಲ್ಲಿಂದ ಯೆಮನ್‌ಗೆ ದಾಟಿದ ಕಾಫಿಯ ಬೀಜಗಳನ್ನೇ 17ನೇ ಶತಮಾನದಲ್ಲಿ ಬಾಬಾ ಬುಡನ್ ಚಿಕ್ಕಮಗಳೂರಿನ ಗಿರಿಗೆ ತಂದರೆಂಬ ಪ್ರತೀತಿ ನಮ್ಮಲ್ಲಿದೆ. ಬೆಳೆದದ್ದನ್ನೆಲ್ಲ ಹೊರಗೆ ಮಾರುವ ದೇಶವಲ್ಲ ಇಥಿಯೋಪಿಯಾ. ಸುಮಾರು ಅರ್ಧದಷ್ಟು ಕಾಫಿ ಅಲ್ಲಿನ ಮನೆಗಳಲ್ಲೇ ಖರ್ಚಾಗುತ್ತದೆ. ಸ್ವಾರಸ್ಯವೆಂದರೆ, ಕಾಫಿ ಮುಸ್ಲಿಮರ, ಒರೊಮೊ ಜನರ ಪೇಯವೆಂದು ಆರ್ಥಡಾಕ್ಸ್ ಚರ್ಚು ಬಹುಕಾಲ ಅದನ್ನು ದೂರವಿಟ್ಟಿತ್ತು. 19ನೇ ಶತಮಾನದ ಕೊನೆಗೆ, ಎರಡನೇ ಮೆನೆಲಿಕ್ ಚಕ್ರವರ್ತಿಯ ಕಾಲದಲ್ಲಿ ಆ ಬಿಗಿ ಸಡಿಲವಾಯಿತು. ಈಗ ಮತಭೇದವಿಲ್ಲದೆ ಎಲ್ಲರ ಮನೆಯಲ್ಲೂ ಇದ್ದಿಲ ಒಲೆ ಹೊತ್ತುತ್ತದೆ.

ನೆಲಕ್ಕೆ ಹಸಿ ಹುಲ್ಲು ಹಾಸುತ್ತಾರೆ. ಪುಟ್ಟ ಮಣೆಯ ಮೇಲೆ ಕೂತ ಹೆಂಗಸು ಹಸಿರು ಕಾಫಿಬೀಜವನ್ನು ಬಾಣಲೆಯಲ್ಲಿ ನೀರು ಹಾಕಿ ಉಜ್ಜಿ ತೊಳೆದು, ನೀರು ಬಸಿದು, ಅದೇ ಬಾಣಲೆಯನ್ನು ಕೆಂಡದ ಮೇಲಿಟ್ಟು ಅಲ್ಲಾಡಿಸುತ್ತ ಹುರಿಯುತ್ತಾಳೆ. ಬೀಜ ಹಳದಿಯಾಗಿ, ಕಂದಾಗಿ, ಚಟಪಟ ಸಿಡಿದು, ಎಣ್ಣೆ ಬಿಟ್ಟು ಮಿರುಗುವ ಹೊತ್ತಿಗೆ ಬಾಣಲೆಯೊಂದಿಗೆ ಎದ್ದು ಒಬ್ಬೊಬ್ಬರ ಮುಂದೂ ಹಿಡಿಯುತ್ತಾಳೆ. ಕೂತವರು ಕೈಯಿಂದ ಹೊಗೆಯನ್ನು ಮುಖಕ್ಕೆ ಎಳೆದುಕೊಂಡು ಮೆಚ್ಚುಗೆ ಹೇಳಬೇಕು. ಪಕ್ಕದಲ್ಲಿ ಧೂಪ ಉರಿಯುತ್ತಿರುತ್ತದೆ. ಆಮೇಲೆ ಮುಕೆಚಾ ಎಂಬ ಒರಳಿನಲ್ಲಿ ಕುಟ್ಟಿ, ಆ ಪುಡಿಯನ್ನು ಜೆಬೆನಾದ ಕಿರಿದಾದ ಕೊರಳಿನಿಂದ ಒಳಕ್ಕಿಳಿಸುತ್ತಾರೆ. ಉರುಟು ಹೊಟ್ಟೆಯ ಈ ಕಪ್ಪು ಮಣ್ಣಿನ ಹೂಜಿ ಕುದಿದು ಉಕ್ಕಲು ಬಂದಾಗ ಇಳಿಸಿ, ಸಿಂಬಿಯ ಮೇಲೆ ಓರೆಯಾಗಿ ಕೂರಿಸುತ್ತಾರೆ. ಗಸಿ ತಳಕ್ಕಿಳಿಯಲು ಆ ಕೆಲವು ನಿಮಿಷ ಬೇಕೇ ಬೇಕು. ಆಮೇಲೆ ಹಿಡಿಯಿಲ್ಲದ ಪುಟ್ಟ ಸಿನಿ ಬಟ್ಟಲುಗಳ ಸಾಲಿನ ಮೇಲೆ, ಎತ್ತರದಿಂದ, ಧಾರೆ ಕಡಿಯದಂತೆ ಸುರಿಯುವುದು. ಕಲಿಯುವವರ ಕೈ ಸೋಲುವುದು ಇಲ್ಲೇ. ನಡುವೆ ನಿಲ್ಲಿಸಿದರೆ ಜೆಬೆನಾ ಅಲುಗಿ ಗಸಿ ಮೇಲೇಳುತ್ತದೆ.

ಸಕ್ಕರೆ ಹಾಕುತ್ತಾರೆ, ಕೆಲವೆಡೆ ಉಪ್ಪು ಅಥವಾ ಬೆಣ್ಣೆ, ಕೆಲವೆಡೆ ನಾಗದಾಳಿ ಸೊಪ್ಪಿನ ಕುಡಿ. ತಿನ್ನಲು ಹುರಿದ ಬಾರ್ಲಿಯ ಕೊಲೊ ಅಥವಾ ಪಾಪ್‌ಕಾರ್ನ್. ಮೊದಲ ಸುತ್ತು ಅಬೊಲ್, ಗಟ್ಟಿ. ಅದೇ ಗಸಿಗೆ ನೀರು ಸೇರಿಸಿ ಕುದಿಸಿದ್ದು ತೋನಾ. ಮೂರನೆಯದು ಬೆರೆಕಾ, ತೆಳ್ಳಗಿದ್ದರೂ ಮನೆಗೆ ಒಳಿತು ತರುವ ಹರಕೆಯ ಸುತ್ತು. ಎಲ್ಲ ಸೇರಿ ಒಂದೂವರೆ ಗಂಟೆಯಾದರೂ ಹಿಡಿಯುತ್ತದೆ. ಅಷ್ಟರಲ್ಲಿ ನೆರೆಮನೆಯವರು ಬಂದಿರುತ್ತಾರೆ, ಮದುವೆ ಮಾತಾಗಿರುತ್ತದೆ, ಬೆಲೆಯೇರಿಕೆಯನ್ನು ಶಪಿಸಿಯಾಗಿರುತ್ತದೆ. ಮೊದಲ ಬಟ್ಟಲು ಮುಗಿಸಿ ಏಳುವವರನ್ನು ಕಂಡರೆ ಮನೆಯವರಿಗೆ ನೋವಾಗುತ್ತದೆ. ಪ್ರವಾಸಿಗೆ ಕಲಿಸದೆಯೂ ಬರುವ ವಿದ್ಯೆ ಇದೊಂದೇ: ಕೂತಿರುವುದು.

ಹೋಗಬೇಕೆನ್ನುವವರಿಗೆ ಎರಡು ಮಾತು. ತರಗತಿ ಸೇರಿದರೂ ಬೆಳಿಗ್ಗೆ ಮನೆಯೊಡತಿಯ ಜೊತೆ ಸಂತೆಗೆ ಹೋಗಲು ಅವಕಾಶ ಕೇಳಿ. ಅಡಿಸ್‌ನ ಮೆರ್ಕಾತೊದಲ್ಲಾಗಲಿ ಶೋಲಾ ಸಂತೆಯಲ್ಲಾಗಲಿ ಮೆಣಸಿನಕಾಯಿ ಮೂಸಿ, ಬೆಣ್ಣೆ ನೆಕ್ಕಿ ಆರಿಸುವುದನ್ನು ನೋಡಿದರೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಇನ್ನೊಂದು, ಗಡಿಯಾರ. ಇಥಿಯೋಪಿಯಾದಲ್ಲಿ ಹಗಲಿನ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ‘ಒಂಬತ್ತು ಗಂಟೆಗೆ ಬುನಾಕ್ಕೆ ಬನ್ನಿ’ ಎಂದು ಕರೆದರೆ ಹೋಗಬೇಕಾದದ್ದು ಮಧ್ಯಾಹ್ನ ಮೂರಕ್ಕೆ.