ಬೇಸಗೆಯ ಬಿಸಿಲೂ ಕಾಡಿನ ಕಿಚ್ಚೂ

ಶಿವರಾತ್ರಿಗೆ ಚಳಿ 'ಶಿವಶಿವಾ' ಎಂದು ಓಡಿಹೋಗುವುದೆಂಬ ಮಾತು ನಮ್ಮಲ್ಲುಂಟು. ಚಳಿ ತೊಲಗಿತೆಂದರೆ ಕಾಡಿಗೆ ಕಷ್ಟಕಾಲ ಬಂದಿತೆಂದೇ ಅರ್ಥ. ಹವಾಮಾನ ಇಲಾಖೆಯವರು ಮಾರ್ಚಿನಿಂದ ಮೇವರೆಗಿನ ಮುನ್ಸೂಚನೆ ಹೊರಡಿಸುವಷ್ಟರಲ್ಲಿ ಬಂಡೀಪುರದ ಎಲೆಯುದುರುವ ಕಾಡು ಬಹುಮಟ್ಟಿಗೆ ಬೋಳಾಗಿರುತ್ತದೆ. ನೆಲದ ತುಂಬ ತರಗೆಲೆ, ಒಣಹುಲ್ಲು. ನಡುವೆ ಹಬ್ಬಿದ ಲಂಟಾನದ ಪೊದೆ. ಹಿಂಗಾರು ಕೈಕೊಟ್ಟ ವರ್ಷವಾದರೆ ಕಾಡು ಇನ್ನೂ ಬೇಗ ಒಣಗುತ್ತದೆ. ಮೇಲೆ ಗಾಳಿಯೂ ಎದ್ದರೆ ಒಂದು ಕಿಡಿ ಸಾಕು.

ಆ ಕಿಡಿ ಬಹುಪಾಲು ಮನುಷ್ಯನ ಕೈಯಿಂದಲೇ ಬೀಳುವುದು. 2017ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿಯೊಡನೆ ಹೋರಾಡುತ್ತ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತರು. 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಸುಟ್ಟು, ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಬೇಸಗೆಗೆ ಮೊದಲೇ ಇಲಾಖೆಯವರು ಬೆಂಕಿರೇಖೆಗಳನ್ನು ಸವರಿಡುತ್ತಾರೆ, ನಿಜ; ಆದರೆ ರೇಖೆಯಾಚೆಗೆ ಹಾರುವ ಕಿಡಿಗೆ ತಡೆಯೆಲ್ಲಿ?

ಏಪ್ರಿಲಿನ ಮಾವಿನ ಮಳೆ ಬಿದ್ದರೆ ಕಾಡು ತುಸು ಉಸಿರಾಡೀತು. ಅಲ್ಲಿಯವರೆಗೆ ಎಚ್ಚರವೊಂದೇ ಗತಿ. ರಜೆಯಲ್ಲಿ ಊರಿಗೆ ಹೋದ ನಾವು ಮಕ್ಕಳೊಡನೆ ಮೈಸೂರಿನಿಂದ ಉದಕಮಂಡಲಕ್ಕೆ ಹೊರಡುವುದುಂಟಷ್ಟೆ. ಆ ದಾರಿ ಬಂಡೀಪುರದ ನಡುವೆಯೇ ಸಾಗುತ್ತದೆ. ಅಲ್ಲಿ ವಾಹನ ನಿಲ್ಲಿಸುವುದು ಬೇಡ, ಒಲೆ ಹೂಡುವುದು ಬೇಡ, ಸಿಗರೇಟಿನ ತುಂಡು ಎಸೆಯುವುದಂತೂ ಬೇಡವೇ ಬೇಡ. ಹೊಗೆ ಕಂಡರೆ ಮುಂದಿನ ಅರಣ್ಯ ಠಾಣೆಯಲ್ಲಿ ತಿಳಿಸಿ ಹೋಗೋಣ. ದೂರದಲ್ಲಿದ್ದರೂ ಆ ಕಾಡು ನಮ್ಮದೇ ಅಲ್ಲವೇ?