ಕಾಲೇಜು ವಿದ್ಯಾರ್ಥಿಗಳೂ ಚಿತ್ರಕಥಾ ಸ್ಪರ್ಧೆಗಳೂ

ಮಗನೋ ಮಗಳೋ ಕಥೆ ಬರೆಯುತ್ತಾರೆಂದರೆ ಸಂತೋಷಪಡುವ ಮನೆಗಳುಂಟು. ಕವಿತೆ ಬರೆಯುತ್ತಾರೆಂದರೆ ನೆಂಟರಿಷ್ಟರ ಮುಂದೆ ಹೇಳಿಕೊಂಡು ಹಿಗ್ಗುವವರೂ ಉಂಟು. ಆದರೆ ಸಿನಿಮಾಕ್ಕೆಂದು ಬರೆಯುತ್ತಾರೆ ಎಂದೊಡನೆಯೇ ತಂದೆತಾಯಿಗಳ ಮುಖದಲ್ಲಿ ಅಳುಕು ಕಾಣಿಸಿಕೊಳ್ಳುತ್ತದೆ. ಓದು ಕೆಟ್ಟೀತೆಂಬುದು ಮೊದಲನೆಯ ಚಿಂತೆ. ಆ ಲೋಕದಲ್ಲಿ ತಮಗೆ ತಿಳಿದವರು ಯಾರೂ ಇಲ್ಲವೆಂಬುದು ಎರಡನೆಯದು. ಈ ಎರಡನೆಯ ಚಿಂತೆ ನಿರಾಧಾರವಾದುದೇನೂ ಅಲ್ಲ. ಕವಿತೆಯನ್ನು ಅಂಚೆಗೆ ಹಾಕಿ ಸಂಪಾದಕರ ಉತ್ತರಕ್ಕಾಗಿ ಕಾಯುವಂತೆ ಚಿತ್ರಕಥೆಯನ್ನು ಕಳುಹಿಸಿ ಕಾಯುವಂತಿಲ್ಲ. ಅಮೆರಿಕದ ದೊಡ್ಡ ಚಿತ್ರಸಂಸ್ಥೆಗಳು ಅಪರಿಚಿತರಿಂದ ಬಂದ ಹಸ್ತಪ್ರತಿಯನ್ನು ಓದದೆಯೇ ಹಿಂದಿರುಗಿಸುವುದು ರೂಢಿ. ಇದಕ್ಕೆ ಅಹಂಕಾರವೊಂದೇ ಕಾರಣವಲ್ಲ. ಮುಂದೊಮ್ಮೆ ಅಂತಹುದೇ ವಸ್ತುವಿನ ಚಿತ್ರ ತೆರೆಗೆ ಬಂದಲ್ಲಿ, ತನ್ನ ಕಥೆಯನ್ನು ಕದ್ದರೆಂದು ಕಳುಹಿಸಿದವನು ನ್ಯಾಯಾಲಯದ ಮೆಟ್ಟಿಲೇರಿಯಾನೆಂಬ ಭಯ ಅದರ ಹಿಂದಿದೆ. ಇಂತಹ ಪರಿಸ್ಥಿತಿಯಲ್ಲಿ ವಿದ್ಯಾರ್ಥಿಯ ಬರಹವನ್ನು ತೂಗಿ ನೋಡಬಲ್ಲವರ ಕೈಗೆ ತಲುಪಿಸುವ ಒಂದು ಮಾರ್ಗವಾಗಿ ಸ್ಪರ್ಧೆಗಳು ಬೆಳೆದು ಬಂದವು.

ಅಂತಹವುಗಳಲ್ಲಿ ಹಳೆಯದೂ ಹೆಸರಾದುದೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ 1955ರಲ್ಲಿ ಆರಂಭವಾದ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಬರವಣಿಗೆ ಪ್ರಶಸ್ತಿ. ಇದನ್ನು ಸ್ಥಾಪಿಸಿದ ಗೋಲ್ಡ್‌ವಿನ್ ಅವರ ಬಾಳೇ ಒಂದು ಕಥೆ. ವಾರ್ಸಾ ನಗರದ ಬಡ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಮನೆ ಬಿಟ್ಟು, ಹೇಗೋ ಅಮೆರಿಕವನ್ನು ಸೇರಿ, ನ್ಯೂಯಾರ್ಕ್ ರಾಜ್ಯದ ಗ್ಲವರ್ಸ್‌ವಿಲ್ ಎಂಬ ಊರಿನ ಕೈಗವಸಿನ ಕಾರ್ಖಾನೆಯಲ್ಲಿ ದುಡಿದು, ಅನಂತರ ಆ ಕೈಗವಸುಗಳನ್ನೇ ಊರೂರು ತಿರುಗಿ ಮಾರಿ, ಕೊನೆಗೆ ಚಿತ್ರೋದ್ಯಮಕ್ಕೆ ಬಂದ ಮನುಷ್ಯ ಅವರು. ಶಾಲೆಯ ಓದು ಅಷ್ಟಕ್ಕಷ್ಟೆ. ಅವರ ಇಂಗ್ಲಿಷಿನ ಎಡವಟ್ಟುಗಳನ್ನು ಕುರಿತ ನಗೆಮಾತುಗಳು ಇಂದಿಗೂ ಪ್ರಚಾರದಲ್ಲಿವೆ. ಆದರೂ ಚಿತ್ರಕ್ಕೆ ಬರಹಗಾರನೇ ಅಡಿಗಲ್ಲೆಂಬ ನಂಬಿಕೆ ಅವರಲ್ಲಿತ್ತು. ಅಕ್ಷರವಂತರ ಬಗೆಗೆ ಇಂತಹ ಗೌರವ ಹೆಚ್ಚು ಓದದವರಲ್ಲಿಯೇ ಹೆಚ್ಚಾಗಿ ಕಂಡುಬರುವುದನ್ನು ನಮ್ಮ ಹಳ್ಳಿಗಳಲ್ಲಿಯೂ ನಾವು ನೋಡಿಲ್ಲವೆ?

1919ರಲ್ಲಿ ಗೋಲ್ಡ್‌ವಿನ್ ಅವರು ಪ್ರಸಿದ್ಧ ಲೇಖಕರನ್ನೆಲ್ಲ ಕೂಡಿಸಿ ಚಿತ್ರಕ್ಕೆ ಬರೆಯಿಸುವ ಸಂಸ್ಥೆಯೊಂದನ್ನು ಕಟ್ಟಿದರು. 1911ರ ನೊಬೆಲ್ ಪಾರಿತೋಷಕ ಪಡೆದ ಬೆಲ್ಜಿಯಂ ನಾಟಕಕಾರ ಮೇಟರ್‌ಲಿಂಕ್ ಅವರನ್ನೂ ಹಾಲಿವುಡ್‌ಗೆ ಕರೆಸಿದರು. ಜೇನುನೊಣಗಳ ಬಾಳನ್ನು ಕುರಿತು ಗ್ರಂಥ ಬರೆದು ಕೀರ್ತಿ ಗಳಿಸಿದ್ದ ಆ ಮಹನೀಯರು ಸಲ್ಲಿಸಿದ ಚಿತ್ರಕಥೆಯನ್ನು ಓದಿದ ಗೋಲ್ಡ್‌ವಿನ್, ಕಥಾನಾಯಕನೇ ಒಂದು ಜೇನುನೊಣವೆಂದು ಕೂಗುತ್ತ ಕೋಣೆಯಿಂದ ಹೊರಗೋಡಿ ಬಂದರೆಂಬುದು ದಂತಕಥೆ. ನಿಜವೋ ಕಟ್ಟುಕಥೆಯೋ, ಆ ಪ್ರಯತ್ನವಂತೂ ಅವರು ಎಣಿಸಿದ ಫಲವನ್ನು ಕೊಡಲಿಲ್ಲ. ಒಳ್ಳೆಯ ಸಾಹಿತಿಯಾದವನು ಒಳ್ಳೆಯ ಚಿತ್ರಕಥೆಗಾರನೂ ಆಗಿಯೇ ತೀರುತ್ತಾನೆಂಬ ನಿಯಮವಿಲ್ಲ. ಇದು ಬೇರೆಯೇ ಆಗಿ ಕಲಿಯಬೇಕಾದ ವಿದ್ಯೆ. ಮೂವತ್ತಾರು ವರ್ಷಗಳ ಬಳಿಕ ಅದೇ ಗೋಲ್ಡ್‌ವಿನ್ ಅವರು ಬಹುಮಾನದ ಹಣವನ್ನು ಪ್ರಸಿದ್ಧರಿಗಲ್ಲದೆ ವಿದ್ಯಾರ್ಥಿಗಳಿಗೆ ಮೀಸಲಿಟ್ಟರು.

1962ರಲ್ಲಿ ಈ ಪ್ರಶಸ್ತಿಯನ್ನು ಪಡೆದವರು ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ. ಬಾಲ್ಯದಲ್ಲಿ ಪೋಲಿಯೋ ಬಡಿದು ಬಹುಕಾಲ ಹಾಸಿಗೆ ಹಿಡಿದಿದ್ದ ಹುಡುಗ ಇವರು. ನಾಟಕಶಾಸ್ತ್ರದಲ್ಲಿ ಪದವಿ ಪಡೆದು ಲಾಸ್ ಏಂಜಲೀಸಿನ ಚಲನಚಿತ್ರ ವಿಭಾಗಕ್ಕೆ ಓದಲು ಬಂದಿದ್ದರು. ‘ಪಿಲ್ಮಾ ಪಿಲ್ಮಾ’ ಎಂಬ ಚಿತ್ರಕಥೆಗೆ ಎರಡು ಸಾವಿರ ಡಾಲರ್ ಬಹುಮಾನ ಬಂದಿತು. ಆ ಚಿತ್ರಕಥೆ ಎಂದೂ ಚಿತ್ರವಾಗಲಿಲ್ಲ. ಆದರೆ ಅದನ್ನು ಬರೆದವನಿಗೆ ಸೆವೆನ್ ಆರ್ಟ್ಸ್ ಎಂಬ ಸಂಸ್ಥೆಯಲ್ಲಿ ಬರಹಗಾರನ ಕೆಲಸ ದೊರೆಯಿತು. 1966ರ ‘ಯೂ ಆರ್ ಎ ಬಿಗ್ ಬಾಯ್ ನೌ’ ಎಂಬ ಚಿತ್ರವನ್ನೇ ಅವರು ಸ್ನಾತಕೋತ್ತರ ಪದವಿಯ ಪ್ರಬಂಧವಾಗಿ ಸಲ್ಲಿಸಿದರು. ‘ಪ್ಯಾಟನ್’ ಚಿತ್ರದ ಬರವಣಿಗೆಗಾಗಿ ಮತ್ತೊಬ್ಬ ಲೇಖಕರೊಡನೆ 1971ರಲ್ಲಿ ಆಸ್ಕರ್ ಪಡೆದರು. ಮರುವರ್ಷ ‘ದಿ ಗಾಡ್‌ಫಾದರ್’ ತೆರೆಕಂಡಿತು. ಓದು ಕೆಟ್ಟೀತೆಂದು ಅಳುಕುವ ತಂದೆತಾಯಿಗಳು ಆ ಸ್ನಾತಕೋತ್ತರ ಪದವಿಯನ್ನು ಗಮನಿಸಬೇಕು.

ಇದೇ ಪ್ರಶಸ್ತಿಯ ಇನ್ನೊಂದು ಪ್ರಸಂಗ ನನಗೆ ಹೆಚ್ಚು ಸ್ವಾರಸ್ಯವೆನಿಸುತ್ತದೆ. ಪಮೇಲಾ ಗ್ರೇ ಎಂಬ ವಿದ್ಯಾರ್ಥಿನಿ ‘ದಿ ಬ್ಲೌಸ್ ಮ್ಯಾನ್’ ಎಂಬ ಚಿತ್ರಕಥೆಗೆ ಗೋಲ್ಡ್‌ವಿನ್ ಪ್ರಶಸ್ತಿ ಪಡೆದರು. 1969ರ ಬೇಸಗೆಯಲ್ಲಿ ಮಕ್ಕಳು ಮತ್ತು ಅತ್ತೆಯೊಡನೆ ಬೆಟ್ಟಸೀಮೆಯ ಬಿಡಾರಕ್ಕೆ ಬಂದ ಗೃಹಿಣಿಯೊಬ್ಬಳ ಮನಸ್ಸಿನ ತಳಮಳ, ಆಕೆ ಎಡವಿದ ಬಗೆ, ಅದರಿಂದ ಸಂಸಾರಕ್ಕೆ ಒದಗಿದ ನೋವು ಅದರ ವಸ್ತು. ಅದು ‘ಎ ವಾಕ್ ಆನ್ ದಿ ಮೂನ್’ ಎಂಬ ಹೆಸರಿನಲ್ಲಿ 1999ರಲ್ಲಿ ತೆರೆಗೆ ಬಂದಾಗ ನಿರ್ದೇಶಿಸಿದವರು ಟೋನಿ ಗೋಲ್ಡ್‌ವಿನ್, ಅಂದರೆ ಪ್ರಶಸ್ತಿಯನ್ನು ಸ್ಥಾಪಿಸಿದವರ ಮೊಮ್ಮಗ. ಇಂತಹ ವಸ್ತುವನ್ನು ಮಗಳು ಬರೆದಳೆಂದರೆ ನಮ್ಮ ಕೆಲವು ಹಿರಿಯರು ಹುಬ್ಬೇರಿಸಿಯಾರು. ಬರೆಯುವವರು ಬದುಕಿನ ಸಂಕಟದ ಕಡೆಗೇ ಕಣ್ಣು ಹಾಯಿಸುತ್ತಾರೆ. ಅದನ್ನು ಅವರ ನಡತೆಯ ಸಾಕ್ಷಿಯೆಂದು ಓದುವುದು ಸರಿಯಲ್ಲ.

ಇನ್ನೊಂದು ದೊಡ್ಡ ಸ್ಪರ್ಧೆ ಆಸ್ಕರ್ ನೀಡುವ ಅಕಾಡೆಮಿಯದೇ. ದೂರದರ್ಶನದ ಹಾಸ್ಯಧಾರಾವಾಹಿಗಳ ಲೇಖಕರಾಗಿದ್ದ ಡಾನ್ ನಿಕೋಲ್ 1980ರಲ್ಲಿ ತೀರಿಕೊಂಡರು. ಅವರ ಪತ್ನಿ ಜೀ ನಿಕೋಲ್ ಗಂಡನ ನೆನಪಿಗಾಗಿ ಕೊಟ್ಟ ದತ್ತಿಯಿಂದ ಇದು ನಡೆಯತೊಡಗಿತು. ಮೊದಮೊದಲು ಕ್ಯಾಲಿಫೋರ್ನಿಯಾದ ಕಾಲೇಜು ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾಗಿದ್ದು, ಅನಂತರ ಎಲ್ಲರಿಗೂ ತೆರೆಯಿತು. 1986ರ ವಿಜೇತರಲ್ಲಿ ಅಲಿಸನ್ ಆಂಡರ್ಸ್ ಇದ್ದರು. 1992ರಲ್ಲಿ ಗೆದ್ದ ಸುಸಾನಾ ಗ್ರಾಂಟ್ ಮುಂದೆ ‘ಎರಿನ್ ಬ್ರೊಕೊವಿಚ್’ ಚಿತ್ರವನ್ನು ಬರೆದರು. ಕೆಲವು ವರ್ಷಗಳಲ್ಲಿ ಐದು ಸಾವಿರಕ್ಕೂ ಮಿಕ್ಕಿದ ಪ್ರವೇಶಗಳು ಬಂದುದುಂಟು. ಆಯ್ಕೆಯಾಗುವವರು ಹೆಚ್ಚೆಂದರೆ ಐದು ಮಂದಿ. ಒಬ್ಬೊಬ್ಬರಿಗೆ 35,000 ಡಾಲರ್. ಆದರೆ ಈ ಹಣ ಗೆದ್ದ ಚಿತ್ರಕಥೆಯ ಬೆಲೆಯಲ್ಲ. ಆ ವರ್ಷದೊಳಗೆ ಹೊಸದೊಂದು ಚಿತ್ರಕಥೆಯನ್ನು ಬರೆದು ಮುಗಿಸಲೆಂದು ಕಂತುಕಂತಾಗಿ ಕೊಡುವ ವೇತನ. ಗೆದ್ದ ಕೃತಿಯ ಮೇಲೆ ಅಕಾಡೆಮಿಗೆ ಯಾವ ಹಕ್ಕೂ ಇಲ್ಲ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಪ್ರಯೋಜನಕ್ಕೆ ಬರುತ್ತದೆ. 2025ರಲ್ಲಿ ಅಕಾಡೆಮಿ ತನ್ನ ಕ್ರಮವನ್ನು ಬದಲಿಸಿ, ವಿಶ್ವವಿದ್ಯಾಲಯಗಳು ಮತ್ತು ಬರವಣಿಗೆಯ ತರಬೇತಿ ಕೇಂದ್ರಗಳು ಆರಿಸಿ ಕಳುಹಿಸುವ ಪದ್ಧತಿಯನ್ನು ತಂದಿತು. ಉಳಿದವರು ಬ್ಲ್ಯಾಕ್ ಲಿಸ್ಟ್ ಎಂಬ ಸಂಸ್ಥೆಯ ಮೂಲಕ ಹೋಗಬೇಕಾಯಿತು.

ಚಿತ್ರಕಥೆಯ ಹಸ್ತಪ್ರತಿಯನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡ ಹಿರಿಯರಿಗೆ ನಿರಾಶೆಯಾಗಬಹುದು. ಹಾಳೆಯ ಬಹುಭಾಗ ಬಿಳಿಯಾಗಿಯೇ ಇರುತ್ತದೆ. ಮೇಲೆ ಒಂದು ಸಾಲು: ಒಳಾಂಗಣವೋ ಹೊರಾಂಗಣವೋ, ಸ್ಥಳ ಯಾವುದು, ಹಗಲೋ ಇರುಳೋ. ಕೆಳಗೆ ನಡೆಯುವ ಕ್ರಿಯೆ, ವರ್ತಮಾನಕಾಲದಲ್ಲಿ. ನಡುವೆ ಪಾತ್ರದ ಹೆಸರು, ಅದರಡಿ ಮಾತು. ಅಮೆರಿಕದ ರೂಢಿಯಲ್ಲಿ ಅಕ್ಷರಗಳು ಹಳೆಯ ಬೆರಳಚ್ಚು ಯಂತ್ರದ ಅಚ್ಚಿನಲ್ಲಿರಬೇಕು. ಹಾಗಿದ್ದರೆ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷವಾಗುತ್ತದೆಂಬುದು ಲೆಕ್ಕ. ಆದುದರಿಂದ ಪೂರ್ಣಪ್ರಮಾಣದ ಚಿತ್ರಕಥೆ ತೊಂಬತ್ತರಿಂದ ನೂರಿಪ್ಪತ್ತು ಪುಟ. ಇನ್ನೂರು ಪುಟ ಬರೆದವನನ್ನು ತೀರ್ಪುಗಾರರು ಕಸುಬು ತಿಳಿಯದವನೆಂದೇ ಬಗೆಯುತ್ತಾರೆ.

ಎಲ್ಲಕ್ಕಿಂತ ಕಠಿಣವಾದ ಕಟ್ಟಳೆಯೆಂದರೆ, ಕಣ್ಣಿಗೆ ಕಾಣದ ಮತ್ತು ಕಿವಿಗೆ ಕೇಳದ ಯಾವುದನ್ನೂ ಬರೆಯುವಂತಿಲ್ಲ. ‘ಅವನಿಗೆ ತಂದೆಯ ಮೇಲೆ ಹತ್ತು ವರ್ಷಗಳಿಂದ ಮುನಿಸಿತ್ತು’ ಎಂದು ಕಾದಂಬರಿಕಾರ ಒಂದು ವಾಕ್ಯದಲ್ಲಿ ಮುಗಿಸಿಯಾನು. ಚಿತ್ರಕಥೆಗಾರ ತಂದೆ ಊಟಕ್ಕೆ ಕುಳಿತೊಡನೆ ಮಗ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋಗುವುದನ್ನು ತೋರಿಸಬೇಕು. ತಾಯಿ ಇಬ್ಬರಿಗೂ ಬಡಿಸಲು ಒಳಗೂ ಹೊರಗೂ ಓಡಾಡುವುದನ್ನು ತೋರಿಸಬೇಕು. ಹತ್ತು ವರ್ಷಗಳಿಂದಲೂ ಹೀಗೆಯೇ ಎಂಬುದು ಆಕೆಯ ಅಭ್ಯಾಸಗೊಂಡ ಹೆಜ್ಜೆಯಿಂದಲೇ ತಿಳಿಯಬೇಕು. ಮನೆಯಲ್ಲಿ ಮಗ ಸುಮ್ಮನೆ ಮೂಲೆಯಲ್ಲಿ ಕುಳಿತು ಎಲ್ಲರನ್ನೂ ದಿಟ್ಟಿಸುತ್ತಾನೆಂದು ದೂರುವ ತಾಯಂದಿರು ಸ್ವಲ್ಪ ಸಹನೆ ವಹಿಸಬೇಕಾಗುತ್ತದೆ.

ನಮ್ಮ ದೇಶಕ್ಕೆ ಬಂದರೆ, 2017ರಲ್ಲಿ ಆರಂಭವಾದ ಸಿನೆಸ್ತಾನ್ ಕಥಾಸ್ಪರ್ಧೆ ದೊಡ್ಡ ಸುದ್ದಿ ಮಾಡಿತು. ಮೊದಲ ಬಹುಮಾನವೇ 25 ಲಕ್ಷ ರೂಪಾಯಿ. ಆಮಿರ್ ಖಾನ್, ರಾಜಕುಮಾರ್ ಹಿರಾನಿ, ಜೂಹಿ ಚತುರ್ವೇದಿ, ಅಂಜುಮ್ ರಾಜಬಲಿ ತೀರ್ಪುಗಾರರು. ಇದು ವಿದ್ಯಾರ್ಥಿಗಳಿಗಷ್ಟೇ ಮೀಸಲಾಗಿರಲಿಲ್ಲ. ಇದರಲ್ಲಿ ಮೊದಲ ಬಹುಮಾನ ತಪ್ಪಿದ ಬಿಪ್ಲಬ್ ಗೋಸ್ವಾಮಿಯವರ ‘ಟೂ ಬ್ರೈಡ್ಸ್’ ಎಂಬ ಕೃತಿಯನ್ನು ಓದಿ ಮೆಚ್ಚಿದ ಆಮಿರ್ ಖಾನ್ ಅದನ್ನು ಕಿರಣ್ ರಾವ್ ಅವರಿಗೆ ಕೊಟ್ಟರು. ಅದೇ 2024ರಲ್ಲಿ ಬಿಡುಗಡೆಯಾದ ‘ಲಾಪತಾ ಲೇಡೀಸ್’. 2025ರಲ್ಲಿ ಈ ಚಿತ್ರ 2019ರ ವಿದೇಶೀ ಕಿರುಚಿತ್ರವೊಂದನ್ನು ಹೋಲುತ್ತದೆಂಬ ಆಕ್ಷೇಪ ಎದ್ದಿತು. ಆಗ ಗೋಸ್ವಾಮಿಯವರು ಮುಂದಿಟ್ಟ ಉತ್ತರ ವಾದವಲ್ಲ, ದಿನಾಂಕ: ಕಥಾಸಾರವನ್ನು 2014ರಲ್ಲಿಯೂ ಪೂರ್ಣ ಚಿತ್ರಕಥೆಯನ್ನು 2018ರಲ್ಲಿಯೂ ಮುಂಬಯಿಯ ಚಿತ್ರಕಥೆಗಾರರ ಸಂಘದಲ್ಲಿ ನೋಂದಾಯಿಸಿದ್ದರು.

ಬಹುಮಾನದ ಮೊತ್ತಕ್ಕಿಂತ ಮೊದಲು ಮನೆಯವರು ಕೇಳಬೇಕಾದುದು ಇದನ್ನೇ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದೊಡನೆಯೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಅದು ಸಾಕ್ಷ್ಯ ಮಾತ್ರ. ಆದರೆ ಆ ಹಕ್ಕು ಬರಹದ ರೂಪಕ್ಕೆ, ಬರಿಯ ಆಲೋಚನೆಗಲ್ಲ. ಆರ್. ಜಿ. ಆನಂದ್ ಎಂಬ ನಾಟಕಕಾರರು ತಮ್ಮ ‘ಹಮ್ ಹಿಂದುಸ್ತಾನಿ’ ನಾಟಕವನ್ನೇ 1956ರ ‘ನ್ಯೂ ಡೆಲ್ಲಿ’ ಚಿತ್ರವಾಗಿಸಿದರೆಂದು ದಾವೆ ಹೂಡಿದ್ದರು. ಪ್ರಾಂತಾಭಿಮಾನದ ವಸ್ತು ಎರಡರಲ್ಲೂ ಇದ್ದಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯ, ವಸ್ತು ಒಂದಾದರೂ ನಿರೂಪಣೆ ಬೇರೆಯಾದರೆ ಕೃತಿಸ್ವಾಮ್ಯದ ಉಲ್ಲಂಘನೆಯಾಗದೆಂದು ತೀರ್ಪಿತ್ತಿತು. ನಾಟಕಕಾರರು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದು ಸೋತರು. ಆದುದರಿಂದ ಹಾಸ್ಟೆಲಿನ ಹುಡುಗನೊಬ್ಬ ತನ್ನ ಕಥೆಯನ್ನು ಸಿಕ್ಕಸಿಕ್ಕವರಿಗೆ ಬಾಯಲ್ಲಿ ಹೇಳಿಕೊಂಡು ತಿರುಗುವುದರಲ್ಲಿ ನಷ್ಟವುಂಟು; ಬರೆದಿಟ್ಟು ದಿನಾಂಕ ಹಾಕಿಸಿಕೊಳ್ಳುವುದರಲ್ಲಿ ರಕ್ಷಣೆಯುಂಟು.

ಸ್ಪರ್ಧೆಯ ನಿಬಂಧನೆಗಳನ್ನು ಮನೆಯ ಹಿರಿಯರೊಬ್ಬರು ಕನ್ನಡಕ ಹಾಕಿಕೊಂಡು ಸಾವಧಾನವಾಗಿ ಓದಬೇಕು. ಕೆಲವು ಕಡೆ ಸಣ್ಣ ಅಕ್ಷರಗಳಲ್ಲಿ, ಪ್ರವೇಶಿಸಿದ ಕೃತಿಗಳೆಲ್ಲವೂ ಏರ್ಪಡಿಸಿದವರ ಸ್ವತ್ತಾಗುತ್ತವೆಂದು ಬರೆದಿರುತ್ತಾರೆ. ಬಹುಮಾನ ಒಬ್ಬನಿಗೆ, ಸ್ವತ್ತು ಹೋಗುವುದು ಎಲ್ಲರದು! ಅಕಾಡೆಮಿಯಂತಹ ಸಂಸ್ಥೆ ಗೆದ್ದವನಿಂದಲೂ ಹಕ್ಕು ಕೇಳುವುದಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿಯಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. 2012ರ ತಿದ್ದುಪಡಿಯಂತೆ, ಚಿತ್ರಮಂದಿರದ ಹೊರಗಿನ ಬಳಕೆಯಿಂದ ಬರುವ ಗೌರವಧನದ ಪಾಲನ್ನು ಲೇಖಕ ಬರೆದುಕೊಟ್ಟರೂ ಅದು ಕೈತಪ್ಪಿ ಹೋಗುವುದಿಲ್ಲ. ಇನ್ನು ಪದವಿಪೂರ್ವ ತರಗತಿಯ, ಹದಿನೆಂಟು ತುಂಬದ ಮಕ್ಕಳು ಹಾಕಿದ ಸಹಿಗೆ ಒಪ್ಪಂದದ ಬಲವೇ ಇಲ್ಲ. ಪ್ರವೇಶಧನವನ್ನೂ ಲೆಕ್ಕ ಹಾಕಬೇಕು. ತಿಂಗಳಿಗೊಂದು ಸ್ಪರ್ಧೆಗೆ ಕಟ್ಟುತ್ತ ಹೋದರೆ ವರ್ಷದ ಪುಸ್ತಕಗಳ ಖರ್ಚನ್ನು ಅದು ಮೀರಿಬಿಡುತ್ತದೆ.

ಕನ್ನಡದಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಕವಿತೆ, ಕಥೆಗಳ ಸ್ಪರ್ಧೆಗಳು ಬಹುಕಾಲದಿಂದ ನಡೆದು ಬಂದಿವೆ. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ ಬೇಂದ್ರೆಯವರ ನೆನಪಿನಲ್ಲಿ ನಡೆಸಿದ ಕವನ ಸ್ಪರ್ಧೆ ಎಷ್ಟೋ ತರುಣರ ಮೊದಲ ಕವಿತೆಗಳನ್ನು ಅಚ್ಚಿಗೆ ತಂದಿದೆ. ಅಂತರ ಕಾಲೇಜು ಏಕಾಂಕ ನಾಟಕಗಳಂತೂ ಊರೂರಿನಲ್ಲಿ ಆಗುತ್ತಿರುತ್ತವೆ. ಚಿತ್ರಕಥೆಗೆ ಅಷ್ಟು ಗಟ್ಟಿಯಾದ ನೆಲೆ ಇನ್ನೂ ಏರ್ಪಟ್ಟಿಲ್ಲವೆಂಬುದು ಖೇದದ ಸಂಗತಿ. ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿದ ಗಿರೀಶ ಕಾಸರವಳ್ಳಿಯವರು ಪುಣೆಯ ಚಲನಚಿತ್ರ ಸಂಸ್ಥೆಗೆ ಹೋಗಿ 1977ರಲ್ಲಿ ‘ಘಟಶ್ರಾದ್ಧ’ವನ್ನು ಕೊಟ್ಟರು. ಪುಣೆಯವರೆಗೂ ಹೋಗಲಾಗದ ಹುಡುಗ ಹುಡುಗಿಯರು ನಮ್ಮ ಜಿಲ್ಲಾಕೇಂದ್ರಗಳ ಕಾಲೇಜುಗಳಲ್ಲಿ ಅನೇಕರಿದ್ದಾರೆ. ಅವರ ನೂರು ಪುಟಗಳನ್ನು ಆಮೂಲಾಗ್ರವಾಗಿ ಓದಿ, ಇಲ್ಲಿ ತಪ್ಪಿದೆ, ಇಲ್ಲಿ ಚೆನ್ನಾಗಿದೆ ಎಂದು ಬರೆದು ಹಿಂದಿರುಗಿಸುವ ಇಬ್ಬರು ಅಧ್ಯಾಪಕರೂ ವರ್ಷಕ್ಕೆ ಒಂದಿಷ್ಟು ದತ್ತಿಯ ಬಡ್ಡಿಯೂ ಇದ್ದರೆ ಇಂತಹ ಸ್ಪರ್ಧೆಯೊಂದನ್ನು ಯಾವ ಕಾಲೇಜಿನಲ್ಲಿಯಾದರೂ ಮುಂದಿನ ವರ್ಷವೇ ಆರಂಭಿಸಬಹುದು.